ಭಾನುವಾರ ಮಳೆಯೇ ಬಾರದ ಊರು: ಆನ್‌ಲೈನ್‌ನಲ್ಲಿ ಸಿಗುವ ಮಳೆ ಡೇಟಾವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಕೃಷಿ ಹವಾಮಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹರಪನಹಳ್ಳಿ ತಾಲೂಕಿನಲ್ಲಿ 1991ರಿಂದ 2020ರವರೆಗೆ ಮುಂಗಾರಿನ ನಡುವೆ ಎಷ್ಟು ಸಲ, ಎಷ್ಟು ದಿನ ಮಳೆ ಕೈಕೊಟ್ಟಿದೆ, ಅದರಿಂದ ಮೆಕ್ಕೆಜೋಳಕ್ಕೆ ಏನಾಗಿದೆ ಎಂಬುದು ನನ್ನ ವಿಷಯ. ಭಾರತ ಹವಾಮಾನ ಇಲಾಖೆಯ ಗ್ರಿಡ್ ಡೇಟಾ (ನಕ್ಷೆಯನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದು ಮಳೆ ಲೆಕ್ಕ ಕೊಡುವುದು), ಉಪಗ್ರಹ ಆಧಾರಿತ ಚಿರ್ಪ್ಸ್, ಕಂಪ್ಯೂಟರ್ ಮಾದರಿಯ ಇಆರ್‌ಎ5 ಮೂರನ್ನೂ ಡೌನ್‌ಲೋಡ್ ಮಾಡಿಕೊಂಡೆ. ಒಂದೇ ತಿಂಗಳಿಗೆ ಮೂರೂ ಮೂರು ಮೊತ್ತ ಹೇಳುತ್ತವೆ. ದಿನದ ಲೆಕ್ಕವಂತೂ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಗೈಡ್ ಅವರು "ಚೌಕ ಚಿಕ್ಕದಿರೋದನ್ನ ತಗೊಳ್ಳಿ, ಅದೇ ನಿಖರ" ಎನ್ನುತ್ತಾರೆ. ಯಾವುದನ್ನು ನಂಬಲಿ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಗೈಡ್ ಅವರ ಮಾತಿನಿಂದಲೇ ಶುರು ಮಾಡೋಣ. ಈ ಮಾತನ್ನು ನಾನು ತುಂಬ ಜನರಿಂದ ಕೇಳಿದ್ದೇನೆ. ಒಂದು ಕಾಲದಲ್ಲಿ ನಾನೂ ಹೇಳಿದ್ದೇನೆ. ಆದರೆ ಚೌಕ ಚಿಕ್ಕದಾದ ಮಾತ್ರಕ್ಕೆ ಅಳತೆ ಜಾಸ್ತಿಯಾಗುವುದಿಲ್ಲ.

ಚಿರ್ಪ್ಸ್‌ನ ಚೌಕ 0.05 ಡಿಗ್ರಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್. ಹವಾಮಾನ ಇಲಾಖೆಯದು 0.25 ಡಿಗ್ರಿ, ಸುಮಾರು 27 ಕಿಲೋಮೀಟರ್. ಇಲಾಖೆಯ ಒಂದು ಚೌಕದೊಳಗೆ ಚಿರ್ಪ್ಸ್‌ನ 25 ಚೌಕ ಹಿಡಿಸುತ್ತವೆ. ಹಾಗಂತ ಆ 25 ಜಾಗದಲ್ಲೂ ಯಾರೋ ಮಳೆಮಾಪಕ ಇಟ್ಟುಕೊಂಡು ಕೂತಿಲ್ಲ. ಉಪಗ್ರಹ ಮೇಲಿನಿಂದ ಮೋಡದ ನೆತ್ತಿ ಎಷ್ಟು ತಣ್ಣಗಿದೆ, ಎಷ್ಟು ಹೊತ್ತು ತಣ್ಣಗಿತ್ತು ಎಂದು ನೋಡುತ್ತದೆ. ಅದರಿಂದ ಮಳೆಯ ಅಂದಾಜು ಹಾಕಿ, ಸಿಕ್ಕಷ್ಟು ಮಳೆಮಾಪಕಗಳ ಲೆಕ್ಕದ ಜೊತೆ ಹೊಂದಿಸುತ್ತಾರೆ. ಅದೂ ಮೊದಲು ಸಿದ್ಧವಾಗುವುದು ಐದೈದು ದಿನದ ಮೊತ್ತ. ದಿನದ ಲೆಕ್ಕ ಬರುವುದು ಆ ಮೊತ್ತವನ್ನು ಆಮೇಲೆ ದಿನಗಳಿಗೆ ಹಂಚಿದಾಗ. ನಿಮಗೆ ಬೇಕಿರುವುದೇ ಮಳೆ ಬಾರದ ದಿನಗಳ ಸಾಲು. ಹಂಚಿದ ಲೆಕ್ಕದಲ್ಲಿ ಅದನ್ನು ಹುಡುಕುವುದು ಕುದಿಸಿ ಕಡೆದ ಸಾರಿನಲ್ಲಿ ಬೇಳೆ ಎಣಿಸಿದ ಹಾಗೆ.

ಚಿರ್ಪ್ಸ್ ಕೆಟ್ಟದ್ದು ಎನ್ನುತ್ತಿಲ್ಲ. ತಿಂಗಳ ಲೆಕ್ಕಕ್ಕೆ, ತಾಲೂಕಿನ ಯಾವ ಮೂಲೆ ಒಣ, ಯಾವ ಮೂಲೆ ಹಸಿ ಎಂದು ನೋಡುವುದಕ್ಕೆ ನಾನೂ ಬಳಸುತ್ತೇನೆ. ಅದು ಉತ್ತರ ಕೊಡಬಲ್ಲ ಪ್ರಶ್ನೆ ಬೇರೆ, ನೀವು ಕೇಳುತ್ತಿರುವ ಪ್ರಶ್ನೆ ಬೇರೆ, ಅಷ್ಟೇ.

ಇಆರ್‌ಎ5 ಇನ್ನೊಂದು ಜಾತಿ. ಯುರೋಪಿನ ಹವಾಮಾನ ಕೇಂದ್ರದವರು ಹಳೆಯ ಅವಲೋಕನಗಳನ್ನೆಲ್ಲ ಕಂಪ್ಯೂಟರ್ ಮಾದರಿಗೆ ಉಣಿಸಿ, 1940ರಿಂದ ಈಚೆಗೆ ಗಂಟೆ ಗಂಟೆಯ ವಾತಾವರಣವನ್ನು ಮತ್ತೆ ಕಟ್ಟಿದ್ದಾರೆ. ಗಾಳಿ, ಉಷ್ಣಾಂಶ, ತೇವಾಂಶಕ್ಕೆ ಬಲು ಉಪಯೋಗ. ಆದರೆ ಅದರೊಳಗಿನ ಮಳೆ ಮಾದರಿಯೇ ಸುರಿಸಿದ ಮಳೆ. ನಮ್ಮ ಕಡೆಯ ಮಳೆಮಾಪಕದ ಅಳತೆ ಅದರೊಳಗೆ ಹೋಗುವುದೇ ಇಲ್ಲ. ಇಂಥ ಮಾದರಿಗಳಿಗೆ ಒಂದು ಚಾಳಿ ಇದೆ: ತುಂತುರು ಜಾಸ್ತಿ ಹಾಕುತ್ತವೆ, ಜಡಿಮಳೆಯನ್ನು ಕಡಿಮೆ ಮಾಡುತ್ತವೆ. ಅರ್ಧ ಮಿಲಿಮೀಟರನ್ನೂ ಮಳೆ ಅಂತ ಎಣಿಸಿದರೆ ಹರಪನಹಳ್ಳಿಯಲ್ಲಿ ಬರಗಾಲವೇ ಬಂದಿಲ್ಲ ಅನ್ನಿಸಬಹುದು! ನಮ್ಮ ಇಲಾಖೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಮಳೆಯ ದಿನ ಎನ್ನುತ್ತದೆ. ನೀವೂ ಅದನ್ನೇ ಇಟ್ಟುಕೊಳ್ಳಿ.

ಇಲಾಖೆಯ ಗ್ರಿಡ್ 1901ರಿಂದ ಇದೆ. ಅದನ್ನು ಕಟ್ಟಲು ದೇಶದ 6,955 ಮಳೆಮಾಪಕಗಳ ದಾಖಲೆ ಬಳಸಿದ್ದಾರೆ. ಆದರೆ ಅಷ್ಟೂ ಎಲ್ಲ ವರ್ಷ, ಎಲ್ಲ ದಿನ ಇದ್ದವಲ್ಲ. ಕೆಲವು ಮುಚ್ಚಿದವು, ಕೆಲವು ನಡುವೆ ಶುರುವಾದವು. ಹತ್ತಿರದ ಮಾಪಕಗಳ ಲೆಕ್ಕವನ್ನು ದೂರಕ್ಕೆ ತಕ್ಕಂತೆ ತೂಗಿ ಚೌಕ ತುಂಬಿಸುತ್ತಾರೆ. ಇದರಲ್ಲೂ ಒಂದು ಎಡವಟ್ಟಿದೆ. ಒಂದು ಚೌಕದ ಸುತ್ತ ಮೂರು ಮಾಪಕ ಇವೆ ಎನ್ನಿ. ಒಂದರಲ್ಲಿ 90 ಮಿಲಿಮೀಟರ್, ಉಳಿದೆರಡರಲ್ಲಿ ಸೊನ್ನೆ. ಮೂರೂ ಒಂದೇ ದೂರದಲ್ಲಿದ್ದರೆ ಚೌಕಕ್ಕೆ 30 ಬರುತ್ತದೆ. ಒಂದು ಊರಿನ ಕೆರೆ ಕೋಡಿ ಬಿದ್ದ ಸುದ್ದಿಯೂ ಹೋಯಿತು, ಎರಡು ಊರಿನ ಒಣ ನೆಲದ ಸುದ್ದಿಯೂ ಹೋಯಿತು. ಮೂರೂ ಊರಿಗೆ ಹದವಾದ ಮಳೆ! ಒಣ ದಿನಗಳನ್ನು ಎಣಿಸುವ ನಿಮಗೆ ಇದು ನೆನಪಿರಲಿ.

ಇನ್ನು ದಿನದ ಲೆಕ್ಕ ಯಾಕೆ ತಾಳೆಯಾಗುವುದಿಲ್ಲ ಎನ್ನುವುದು. ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದೇ ಇದು. ಏಕೆಂದರೆ ಇಲ್ಲಿ ಡೇಟಾದ ತಪ್ಪಿಗಿಂತ "ದಿನ" ಎಂಬ ಪದದ ತಪ್ಪೇ ಜಾಸ್ತಿ.

ಇಲಾಖೆಯ ಮಳೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಅಕ್ಟೋಬರ್ 10ರ ಸಂಜೆ ಆರಕ್ಕೆ ಗುಡುಗು ಸಹಿತ 40 ಮಿಲಿಮೀಟರ್ ಬಿತ್ತು ಎನ್ನಿ. ಮಾಪಕದಿಂದ ನೀರು ತೆಗೆದು ಅಳೆಯುವುದು 11ರ ಬೆಳಿಗ್ಗೆ. ಹಾಗಾಗಿ ಪುಸ್ತಕದಲ್ಲಿ, ಗ್ರಿಡ್‌ನಲ್ಲಿ ಅದು 11ರ ಮಳೆ. ಇಆರ್‌ಎ5 ನಡೆಯುವುದು ಗ್ರೀನಿಚ್ ಗಡಿಯಾರದ ಮೇಲೆ. ನಮ್ಮ ಸಂಜೆ ಆರು ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅದರ ಲೆಕ್ಕದಲ್ಲಿ ಇದು 10ರ ಮಳೆಯೇ. ಮಾದರಿ ಮಳೆಯನ್ನು ಗಂಟೆ ತಪ್ಪದೆ ಸರಿಯಾಗಿಯೇ ಹಿಡಿದಿದ್ದರೂ ನೀವು ಪಕ್ಕ ಪಕ್ಕ ಇಟ್ಟು ನೋಡಿದಾಗ ಒಂದು ಕಡೆ 40, ಇನ್ನೊಂದು ಕಡೆ 0. ಮಾರನೇ ದಿನ ಉಲ್ಟಾ. ನಮ್ಮ ಬಯಲುಸೀಮೆಯಲ್ಲಿ ಮಳೆ ಹೆಚ್ಚಾಗಿ ಸಂಜೆ, ರಾತ್ರಿಯ ಗಿರಾಕಿ. ಹಾಗಾಗಿ ಈ ತೊಂದರೆ ಯಾವಾಗಲೋ ಒಮ್ಮೆ ಆಗುವಂಥದ್ದಲ್ಲ, ಸದಾ ಇರುವಂಥದ್ದು.

ನಿಮ್ಮ ಕಡತದಲ್ಲಿ ಹೀಗೇ ಆಗಿದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಇಲಾಖೆಯ ಕಾಲಂ, ಇಆರ್‌ಎ5ರ ಕಾಲಂ ಇವೆರಡರ ನಡುವಿನ ಸಹಸಂಬಂಧ (ಎರಡೂ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಂಕಿ) ತೆಗೆಯಿರಿ. ಆಮೇಲೆ ಇಆರ್‌ಎ5ರ ಕಾಲಂ ಅನ್ನು ಒಂದು ದಿನ ಕೆಳಗೆ ಸರಿಸಿ ಮತ್ತೆ ತೆಗೆಯಿರಿ. ಅಂಕಿ ತಟ್ಟನೆ ಮೇಲೆ ಹೋದರೆ ಜಗಳ ತಾರೀಖಿನದ್ದು, ಮಳೆಯದ್ದಲ್ಲ. ಸರಿಯಾದ ದಾರಿ ಎಂದರೆ ಇಆರ್‌ಎ5ರ ಗಂಟೆ ಲೆಕ್ಕವನ್ನೇ ಇಳಿಸಿಕೊಂಡು, ಗ್ರೀನಿಚ್ 4 ಗಂಟೆಯ ಅಂಕಿಯಿಂದ ಮರುದಿನ 3 ಗಂಟೆಯ ಅಂಕಿಯವರೆಗೆ ಕೂಡಿಸಿ, ಆ ಮರುದಿನದ ತಾರೀಖು ಕೊಡುವುದು. ಗ್ರೀನಿಚ್ 3 ಗಂಟೆ ಎಂದರೆ ನಮ್ಮ ಎಂಟೂವರೆ. ಪ್ರತಿ ಅಂಕಿ ಹಿಂದಿನ ಒಂದು ಗಂಟೆಯ ಮಳೆಯನ್ನು ಹೇಳುವುದರಿಂದ ಎಣಿಕೆ 4ರಿಂದ ಶುರು.

ಅದರ ತಮ್ಮ ಇಆರ್‌ಎ5-ಲ್ಯಾಂಡ್ ಬಳಸಿದರೆ ಮಾತ್ರ ಹೀಗೆ ಕೂಡಿಸಬೇಡಿ. ಅಲ್ಲಿ ಗಂಟೆಯ ಅಂಕಿ ಆ ಗಂಟೆಯದ್ದಲ್ಲ, ದಿನದ ಆರಂಭದಿಂದ ಅಲ್ಲಿಯವರೆಗೆ ಸೇರಿದ್ದು. 24 ಅಂಕಿ ಕೂಡಿಸಿದರೆ ಒಂದೇ ಮಳೆಯನ್ನು ಹತ್ತಾರು ಸಲ ಎಣಿಸಿದಂತೆ. ಎರಡರಲ್ಲೂ ಮಳೆ ಮೀಟರ್‌ನಲ್ಲಿ ಇರುತ್ತದೆ. 0.012 ಎಂದರೆ 12 ಮಿಲಿಮೀಟರ್. ಇದನ್ನು ಮರೆತು "ಇಡೀ ವರ್ಷಕ್ಕೆ 0.6 ಮಿಲಿಮೀಟರ್ ಮಳೆ" ಎಂದು ಸೆಮಿನಾರಿನಲ್ಲಿ ಸ್ಲೈಡ್ ತೋರಿಸಿದವರನ್ನು ನಾನು ನೋಡಿದ್ದೇನೆ. ಯಾರೂ ಕೇಳಲಿಲ್ಲ ಎನ್ನುವುದು ಇನ್ನೊಂದು ಕತೆ.

ಮುಂದಿನದು ಖಾಲಿ ಜಾಗ. ನಿಮ್ಮ ವಿಷಯಕ್ಕೆ ಇದೇ ಎಲ್ಲಕ್ಕಿಂತ ಅಪಾಯ. ಇಲಾಖೆಯ ಮಳೆ ಗ್ರಿಡ್‌ನಲ್ಲಿ ಡೇಟಾ ಇಲ್ಲದ ಕಡೆ -999 ಎಂದು ಇರುತ್ತದೆ. ಇದು ಒಳ್ಳೆಯ ಕಳ್ಳ, ಕೂಡಿಸಿದ ಕೂಡಲೇ ಮೊತ್ತ ಮೈನಸ್ಸಿಗೆ ಹೋಗಿ ಸಿಕ್ಕಿಬೀಳುತ್ತದೆ. ಉಷ್ಣಾಂಶದ ಗ್ರಿಡ್‌ನಲ್ಲಿ ಇರುವುದು 99.9. ಇದು ಜಾಣ ಕಳ್ಳ. ರಾಜ್ಯವನ್ನು ಸುತ್ತುವರಿಯುವ 20 ಚೌಕ ತೆಗೆದುಕೊಂಡಿರಿ, ಅದರಲ್ಲಿ ಒಂದು ಕಾರವಾರದ ಆಚೆ ಸಮುದ್ರದಲ್ಲಿ ಬಿತ್ತು ಎನ್ನಿ. 19 ಚೌಕದಲ್ಲಿ 32 ಡಿಗ್ರಿ, ಒಂದರಲ್ಲಿ 99.9. ಸರಾಸರಿ 35.4! ಏಪ್ರಿಲ್‌ನಲ್ಲಿ ಯಾರಿಗೂ ಅನುಮಾನ ಬರದ ಅಂಕಿ. ಬಿಸಿಗಾಳಿ ಅಂತ ಒಂದು ಪ್ರಬಂಧವೂ ಆಗಿಬಿಡಬಹುದು.

ಇವೆರಡನ್ನೂ ಮೀರಿಸಿದವನು ಸೊನ್ನೆ. ಮಾಪಕ ಕೆಟ್ಟಿತ್ತು, ಓದಲಿಲ್ಲ, ಕಳಿಸಲಿಲ್ಲ. ದಾರಿಯಲ್ಲಿ ಯಾರೋ ಖಾಲಿ ಕೋಶಗಳಿಗೆ ಸೊನ್ನೆ ತುಂಬಿದರು. ನಿಮ್ಮ ಲೆಕ್ಕದಲ್ಲಿ ಅದು 20 ದಿನದ ಭೀಕರ ಒಣ ಅವಧಿ. ಸಾಫ್ಟ್‌ವೇರ್ ಕೂಡ ಈ ಕೆಲಸ ಮಾಡುತ್ತದೆ. ಪೈಥಾನ್ ಭಾಷೆಯಲ್ಲಿ ಡೇಟಾ ಲೆಕ್ಕಕ್ಕೆ ಬಳಸುವ ಪಾಂಡಾಸ್‌ನಲ್ಲಿ ಇಡೀ ತಿಂಗಳು ಖಾಲಿ ಇದ್ದರೂ ಮೊತ್ತ ಕೇಳಿದರೆ ಸುಮ್ನೆ 0 ಕೊಡುತ್ತದೆ. ಕನಿಷ್ಠ ಇಷ್ಟು ದಿನದ ಅಂಕಿ ಇದ್ದರೆ ಮಾತ್ರ ಕೂಡಿಸು ಎಂದು ನೀವೇ ಹೇಳಬೇಕು. ನಿಮ್ಮ ಉದ್ದನೆಯ ಒಣ ಅವಧಿಗಳನ್ನೆಲ್ಲ ಪಟ್ಟಿ ಮಾಡಿ. ಅದೇ ದಿನಗಳಲ್ಲಿ ಸುತ್ತಲಿನ ನಾಲ್ಕೈದು ಕೇಂದ್ರಗಳಲ್ಲಿ ಏನಾಗಿತ್ತು ನೋಡಿ. ಅಕ್ಕಪಕ್ಕದಲ್ಲೆಲ್ಲ ದಿನವೂ ಮಳೆ, ಇಲ್ಲಿ ಮಾತ್ರ ಸೊನ್ನೆ ಎಂದರೆ ಒಣಗಿದ್ದು ಹೊಲವಲ್ಲ.

ಈಗ ತಲೆಬರಹದ ಊರಿನ ಕತೆ. ಕೆಲವು ವರ್ಷದ ಹಿಂದೆ ಒಂದು ಕೇಂದ್ರದ ದಿನವಹಿ ಮಳೆ ನನ್ನ ಕೈಗೆ ಬಂತು. ನೋಡಲು ಬಲು ಚೊಕ್ಕಟ. ಖಾಲಿ ಕೋಶವೇ ಇಲ್ಲ, ವರ್ಷದ ಮೊತ್ತ ಅಕ್ಕಪಕ್ಕದ ಊರುಗಳ ಜೊತೆ ಚೆನ್ನಾಗಿ ಹೊಂದುತ್ತಿತ್ತು. ಹೊತ್ತು ಹೋಗದೆ ಒಂದು ಮಧ್ಯಾಹ್ನ ವಾರದ ಪ್ರಕಾರ ವಿಂಗಡಿಸಿದೆ. ಮಂಗಳವಾರದಿಂದ ಶನಿವಾರದವರೆಗೆ ಎಲ್ಲ ಒಂದೇ ಎತ್ತರದ ಕಂಬ. ಭಾನುವಾರದ್ದು ಕುಳ್ಳಗೆ, ಸೋಮವಾರದ್ದು ಉದ್ದಕ್ಕೆ. ಮೋಡಕ್ಕೆ ಭಾನುವಾರದ ರಜೆ ಇಲ್ಲ, ಮಳೆ ಅಳೆಯುವವರಿಗೆ ಇರುತ್ತದೆ ಅಲ್ವಾ? ಭಾನುವಾರ ಅಳೆಯದ ನೀರು ಸೋಮವಾರದ ಜೊತೆ ಸೇರಿಕೊಂಡು ಒಂದೇ ಅಂಕಿಯಾಗಿತ್ತು.

ಆ ಡೇಟಾ ಕೆಟ್ಟದ್ದೇ? ತಿಂಗಳ ಮೊತ್ತ ಬೇಕಾದವರಿಗೆ ಏನೂ ದೋಷವಿಲ್ಲ, ಒಂದು ಹನಿಯೂ ಆಚೆ ಹೋಗಿಲ್ಲ. ಒಂದು ದಿನದ ಅತಿ ಹೆಚ್ಚು ಮಳೆ ಹುಡುಕಿ ಸೇತುವೆ ವಿನ್ಯಾಸ ಮಾಡುವವರಿಗೆ ದೋಷ. ನಿಮ್ಮಂತೆ ಒಣ ದಿನ ಎಣಿಸುವವರಿಗಂತೂ ವಾರಕ್ಕೊಂದು ಸುಳ್ಳು. "ಗುಣಮಟ್ಟ" ಎಂದು ಎಲ್ಲರೂ ಹೇಳುವುದು ಕಡತದ ಒಳಗೆ ಕೂತಿರುವ ಗುಣವಲ್ಲ. ಅದು ಕಡತಕ್ಕೂ ನಿಮ್ಮ ಪ್ರಶ್ನೆಗೂ ನಡುವಿನ ಸಂಬಂಧ. ಮೂರರಲ್ಲಿ ಯಾವುದು ಸರಿ ಎಂಬ ನಿಮ್ಮ ಪ್ರಶ್ನೆಗೆ ಒಂದೇ ಹೆಸರು ಹೇಳಿ ಮುಗಿಸಲು ಆಗದಿರುವುದು ಇದಕ್ಕೇ.

ವಾರದ ಲೆಕ್ಕದ ಜೊತೆ ಇನ್ನೊಂದನ್ನೂ ಮಾಡಿ. ಅಂಕಿಗಳ ಕೊನೆಯ ಅಕ್ಷರ ಎಣಿಸಿ. ಪಾಯಿಂಟಿನ ಆಚೆ ಬರೀ 0 ಮತ್ತು 5 ತುಂಬಿದ್ದರೆ ಅಳೆದವರು ಕಣ್ಣಂದಾಜಿನಲ್ಲಿ ಬರೆದಿದ್ದಾರೆ. ಅದನ್ನು ಸಹಿಸಬಹುದು. ಯಾವುದೋ ವರ್ಷದಿಂದ ಎಲ್ಲ ಅಂಕಿ ಏಕಾಏಕಿ ಎರಡರಷ್ಟು ಅಥವಾ ಅರ್ಧದಷ್ಟು ಆಗಿದ್ದರೆ ಮಾತ್ರ ಬಿಡಬೇಡಿ. ಮಳೆಮಾಪಕದ ಬಾಯಿ 100 ಚದರ ಸೆಂಟಿಮೀಟರಿನದ್ದೂ ಇದೆ, 200ರದ್ದೂ ಇದೆ. ಎರಡಕ್ಕೂ ಬೇರೆ ಬೇರೆ ಅಳತೆ ಗಾಜು. ಗಾಜು ಒಡೆದಾಗ ಇನ್ನೊಂದರ ಗಾಜು ತಂದಿಟ್ಟರೆ ಆ ಊರಿನ ಹವಾಮಾನವೇ ಬದಲಾಗಿಬಿಡುತ್ತದೆ.

ನಿಮ್ಮ ತಾಲೂಕಿಗೆ ಬರೋಣ. ಹರಪನಹಳ್ಳಿ ಆರಿಸಿಕೊಂಡಿದ್ದೀರಿ, ಪಾಪ. 1991ರಲ್ಲಿ ಅದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಊರು ಒಂದಿಂಚೂ ಅಲ್ಲಾಡಿಲ್ಲ, ಎಕ್ಸೆಲ್ ಹಾಳೆಯಲ್ಲಿ ಮಾತ್ರ ಓಡಾಡುತ್ತಲೇ ಇದೆ. ನೀವು ದಾವಣಗೆರೆ ಜಿಲ್ಲೆಯ ಹೆಸರಿನಿಂದ ಫಿಲ್ಟರ್ ಹಾಕಿದ್ದರೆ 30 ವರ್ಷದಲ್ಲಿ ಎರಡೂ ತುದಿ ಕತ್ತರಿಸಿ ಹೋಗಿರುತ್ತದೆ. ಇದರ ಮೇಲೆ 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. ಕಂಪ್ಯೂಟರಿಗೆ ಹಳೆಯ ಬಳ್ಳಾರಿ, ಹೊಸ ಬಳ್ಳಾರಿ ಎರಡು ಬೇರೆ ಊರು. ಹರಪನಹಳ್ಳಿಗೂ ಇಂಗ್ಲಿಷ್‌ನಲ್ಲಿ ಎರಡು ಕಾಗುಣಿತ ಓಡಾಡುತ್ತವೆ, ಒಂದರಲ್ಲಿ ನಡುವಿನ 'ಎ' ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಮಳೆಗೆ ಇದನ್ನು ತಪ್ಪಿಸಿಕೊಳ್ಳಬಹುದು. ಹೆಸರು ಬಿಡಿ, ಅಕ್ಷಾಂಶ ರೇಖಾಂಶ ಹಿಡಿಯಿರಿ. ಪಟ್ಟಣಕ್ಕೆ ಹತ್ತಿರದ ಗ್ರಿಡ್ ಬಿಂದು 14.75 ಉತ್ತರ, 76.0 ಪೂರ್ವ. ಆದರೆ ಮೆಕ್ಕೆಜೋಳದ ಇಳುವರಿ ಸಿಗುವುದು ಆಡಳಿತದ ಹೆಸರಿನಲ್ಲೇ. ಅಲ್ಲಿ ವರ್ಷ ವರ್ಷಕ್ಕೂ ತಾಲೂಕು ಯಾವ ಜಿಲ್ಲೆಯ ಅಂಕಿಅಂಶ ಪುಸ್ತಕದಲ್ಲಿದೆ ಎಂದು ಒಂದು ಸಣ್ಣ ಕೋಷ್ಟಕ ನೀವೇ ಮಾಡಿಕೊಳ್ಳಬೇಕು. ಜಿಲ್ಲಾ ಮಟ್ಟದ ಇಳುವರಿ ತೆಗೆದುಕೊಂಡರಂತೂ 1997ರ ಹಿಂದಿನ ಬಳ್ಳಾರಿ ಮತ್ತು ಆಮೇಲಿನ ಬಳ್ಳಾರಿ ಒಂದೇ ನೆಲವಲ್ಲ.

ಆ ಪುಸ್ತಕಗಳ ಪಿಡಿಎಫ್ ತೆರೆದರೆ ಇನ್ನೊಂದು ಸ್ವಾರಸ್ಯ ಕಾದಿರುತ್ತದೆ. ಕಣ್ಣಿಗೆ ಚೆಂದದ ಕನ್ನಡ ಕಾಣುತ್ತದೆ. ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಿದರೆ ಬರೀ ಕೊಕ್ಕೆ, ಚುಕ್ಕಿ, ಯುರೋಪಿನ ಅಕ್ಷರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಪರಿವರ್ತಕಗಳು ಸಿಗುತ್ತವೆ, ಹೆಸರುಗಳು ಸರಿಯಾಗುತ್ತವೆ. ಅಂಕಿಗಳನ್ನು ಮಾತ್ರ ಮೂಲದ ಜೊತೆ ಕೂತು ತಾಳೆ ನೋಡಿ. ಪ್ರತಿ ಪುಟದ ಕೊನೆಯ "ಒಟ್ಟು" ಸಾಲು ನಿಮ್ಮ ಮಿತ್ರ: ನೀವು ಕೂಡಿಸಿದ್ದು ಅದಕ್ಕೆ ಹೊಂದದಿದ್ದರೆ ಎಲ್ಲೋ ಒಂದು 3, 8 ಆಗಿದೆ.

ಎಕ್ಸೆಲ್ ಬಗ್ಗೆ ಒಂದು ಮಾತು. ಡೌನ್‌ಲೋಡ್ ಆದ ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಸೇವ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. 03/04/2015 ಏಪ್ರಿಲ್ 3ರೋ ಮಾರ್ಚ್ 4ರೋ ಎಂಬುದನ್ನು ಅದು ನಿಮ್ಮನ್ನು ಕೇಳದೆ ತೀರ್ಮಾನಿಸುತ್ತದೆ. ತಿಂಗಳ 12ರವರೆಗಿನ ತಾರೀಖು ತಿರುಗಾಮುರುಗಾ, 13ರಿಂದ ಮುಂದಿನವು ಬರೀ ಪಠ್ಯ. ಜೀವವಿಜ್ಞಾನದವರಿಗೆ ಇದು ಎಷ್ಟು ಕಾಟ ಕೊಟ್ಟಿತೆಂದರೆ, 'ಮಾರ್ಚ್1', 'ಸೆಪ್ಟ್1' ಎಂಬ ಜೀನ್‌ಗಳ ಹೆಸರು ಎಕ್ಸೆಲ್‌ನಲ್ಲಿ ತಾರೀಖಾಗಿ ಬದಲಾಗುತ್ತಿದ್ದವು. ಕೊನೆಗೆ 2020ರಲ್ಲಿ ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ಜೀನ್‌ಗಳ ಹೆಸರನ್ನೇ ಬದಲಿಸುವ ನಿಯಮ ತಂದಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ಲೆಕ್ಕಕ್ಕೆ ಬಾರದೆ ಹೋದವು. ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ, ಉಳಿದದ್ದು ಸದ್ದಿಲ್ಲದೆ ಬಿದ್ದುಹೋಯಿತು.

ಬೇರೆಯವರ ಪ್ರಬಂಧದಲ್ಲಿನ ಡೇಟಾ ಬೇಕೆಂದು ಲೇಖಕರಿಗೆ ಬರೆಯುವ ಯೋಚನೆ ಇದ್ದರೆ ಆಸೆ ಕಡಿಮೆ ಇಟ್ಟುಕೊಳ್ಳಿ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, "ಕೇಳಿದರೆ ಡೇಟಾ ಕೊಡುತ್ತೇವೆ" ಎಂದು ಪ್ರಬಂಧದಲ್ಲೇ ಬರೆದಿದ್ದ 1,792 ಪ್ರಬಂಧಗಳ ಲೇಖಕರನ್ನು ನಿಜಕ್ಕೂ ಕೇಳಿ ನೋಡಿದರು. ಕೊಟ್ಟವರು 122. ಎಲ್ಲರೂ ಬಚ್ಚಿಟ್ಟರು ಅಂತಲ್ಲ. ಪೆನ್‌ಡ್ರೈವ್ ಕಳೆದಿರುತ್ತದೆ, ಲ್ಯಾಪ್‌ಟಾಪ್ ಹೋಗಿರುತ್ತದೆ, ಡೇಟಾ ಜೋಡಿಸಿದ ವಿದ್ಯಾರ್ಥಿ ಮದುವೆಯಾಗಿ ಆಸ್ಟ್ರೇಲಿಯಾದಲ್ಲಿರುತ್ತಾರೆ. ಝೆನೋಡೋದಂಥ ಆನ್‌ಲೈನ್ ಡೇಟಾ ಭಂಡಾರದಲ್ಲಿ ಡಿಒಐ (ಶಾಶ್ವತ ಗುರುತು ಸಂಖ್ಯೆ) ಸಮೇತ ಇಟ್ಟದ್ದು ಮಾತ್ರ ಖಾತ್ರಿಯಾಗಿ ಸಿಗುತ್ತದೆ. ನಿಮ್ಮದನ್ನೂ ಅಲ್ಲಿಡಿ. ಇಡುವ ಮೊದಲು ಪರವಾನಗಿ ಓದಿ: ಇಳಿಸಿಕೊಳ್ಳಲು ಬಿಟ್ಟಿದ್ದಾರೆ ಎಂದರೆ ಮರುಹಂಚಿಕೆಗೂ ಬಿಟ್ಟಿದ್ದಾರೆ ಎಂದಲ್ಲ.

ಇಳಿಸಿಕೊಂಡ ಮೂಲ ಕಡತವನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿಡಿ. ಇಳಿಸಿದ ತಾರೀಖು, ಆವೃತ್ತಿ ಸಂಖ್ಯೆ ಬರೆದಿಡಿ. ಇಂಥ ಡೇಟಾದ ಹೊಸ ಆವೃತ್ತಿ ಬಂದಾಗ ಹಳೆಯ ವರ್ಷಗಳ ಅಂಕಿಗಳೂ ಬದಲಾಗುತ್ತವೆ. ವೈವಾ ದಿನ ನಿಮ್ಮ ಕೋಷ್ಟಕಕ್ಕೂ ಪರೀಕ್ಷಕರ ಪರದೆಗೂ ತಾಳೆಯಾಗದೆ ಹೋದಾಗ ಆ ಒಂದು ಸಾಲಿನ ಟಿಪ್ಪಣಿ ಕಾಪಾಡುತ್ತದೆ.

ಹಾಗಾದರೆ ಏನು ಬಳಸಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ 30 ವರ್ಷದ ಒಣ ಅವಧಿಗೆ ಇಲಾಖೆಯ ಗ್ರಿಡ್ ಅನ್ನೇ ಬೆನ್ನೆಲುಬು ಮಾಡಿಕೊಳ್ಳುತ್ತಿದ್ದೆ. ಅದರಲ್ಲಿ ನಮ್ಮ ನೆಲದಲ್ಲಿ ಅಳೆದ ನೀರಿದೆ, ಮತ್ತು ದಿನ ಎಂದರೆ ದಿನವೇ. ಮಳೆ ಹರಡಿ ತೆಳುವಾಗುವ ದೋಷ ಎಷ್ಟಿದೆ ಎಂದು ತಿಳಿಯಲು ತಾಲೂಕಿನ ಒಂದೆರಡು ಮಳೆಮಾಪಕಗಳ ಮೂಲ ದಾಖಲೆ ಪಡೆದು, ಒಣ ದಿನಗಳ ಎಣಿಕೆಯನ್ನು ಹೋಲಿಸುತ್ತಿದ್ದೆ. ಈಚಿನ ವರ್ಷಗಳಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಅಳೆಯುತ್ತವೆ, ಯಾವ ಗ್ರಿಡ್ಡೂ ಅಷ್ಟು ಹತ್ತಿರ ಬರುವುದಿಲ್ಲ. 30 ವರ್ಷಕ್ಕೆ ಅವು ಸಾಲುವುದಿಲ್ಲ, ತಾಳೆ ನೋಡುವುದಕ್ಕೆ ಧಾರಾಳ ಸಾಕು. ಅಲ್ಲೂ ಎಚ್ಚರ: ಕೊಳವೆಯ ಬಾಯಿಗೆ ಎಲೆ ಸಿಕ್ಕಿಕೊಂಡರೆ ಯಂತ್ರ ವಾರಗಟ್ಟಲೆ ನಿಷ್ಠೆಯಿಂದ ಸೊನ್ನೆ ಕಳಿಸುತ್ತದೆ. ಬೆಳೆಗೆ ಬೇಕಾದ ಗಾಳಿ, ತೇವಾಂಶಕ್ಕೆ ಇಆರ್‌ಎ5 ಇರಲಿ. ಚಿರ್ಪ್ಸ್ ತಿಂಗಳ ನಕ್ಷೆಗೆ ಇರಲಿ.

ಮೂರರ ಸರಾಸರಿ ತೆಗೆದು ಹೊಸದೊಂದನ್ನು ಮಾತ್ರ ಮಾಡಬೇಡಿ. ಹಾಗೆ ಮಾಡುವವರು ಇದ್ದಾರೆ. ತಾರೀಖೇ ಹೊಂದದ ಮೂರನ್ನು ಕೂಡಿಸಿ ಭಾಗಿಸಿದರೆ ಒಂದು ಮಳೆ ಎರಡು ದಿನಕ್ಕೆ ಹರಡಿಕೊಂಡು, ಒಣ ಅವಧಿಗಳು ಅಲ್ಲಲ್ಲೇ ತುಂಡಾಗಿಬಿಡುತ್ತವೆ.

ಗೈಡ್ ಅವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಒಂದು ಚಿತ್ರ ತೋರಿಸಿ. ಯಾವುದಾದರೂ ಒಂದು ವರ್ಷದ ಜುಲೈ ತೆಗೆದುಕೊಳ್ಳಿ. ಮೇಲಿನ ಸಾಲಿನಲ್ಲಿ ಮಳೆಮಾಪಕದ 31 ದಿನ, ಕೆಳಗೆ ಇಲಾಖೆಯ ಗ್ರಿಡ್, ಅದರ ಕೆಳಗೆ ಚಿರ್ಪ್ಸ್, ಕೊನೆಗೆ ತಾರೀಖು ಸರಿಪಡಿಸಿದ ಇಆರ್‌ಎ5. 2.5 ಮಿಲಿಮೀಟರ್ ದಾಟಿದ ದಿನಕ್ಕೆ ಕಪ್ಪು ಚೌಕ, ಇಲ್ಲದ್ದಕ್ಕೆ ಬಿಳಿ, ಮಾಪಕ ಓದದ ದಿನಕ್ಕೆ ಅಡ್ಡಗೆರೆ. ಒಂದು ಎ4 ಹಾಳೆ ಸಾಕು. ಆ ಹಾಳೆ ಮೇಜಿನ ಮೇಲಿದ್ದಾಗ ಚೌಕ ಚಿಕ್ಕದೋ ದೊಡ್ಡದೋ ಎಂಬ ಚರ್ಚೆ ಐದು ನಿಮಿಷವೂ ನಡೆಯುವುದಿಲ್ಲ. ಹಾಗೇ, ಆ ಮಳೆಮಾಪಕದ ಭಾನುವಾರಗಳನ್ನು ಎಣಿಸಿದಾಗ ಏನು ಬಂತು ಎಂದು ನನಗೂ ಬರೆಯಿರಿ.